ಕಪ್ಪು ನಾಲ್ಕಕ್ಕೆ ಗಿಟಾರ್ ಕೂಡಿಸಿದ ಮಧ್ಯಾಹ್ನ

ಆಷಾಢದ ಮಳೆ. ತೀರ್ಥಹಳ್ಳಿ ಹತ್ತಿರದ ಮನೆಯೊಂದರ ಜಗಲಿಯಲ್ಲಿ ಭಾವಗೀತೆಗಳ ತಾಲೀಮು. ಹಾಡುವ ಅಕ್ಕನ ಶ್ರುತಿ ಕಪ್ಪು ನಾಲ್ಕು, ಅಂದರೆ ಹಾರ್ಮೋನಿಯಂನ ನಾಲ್ಕನೇ ಕಪ್ಪು ಮನೆ, ಜಿ ಶಾರ್ಪ್. ಹಾರ್ಮೋನಿಯಂನವರು ಕೂರುವ ಮೊದಲೇ ಗಿಟಾರ್ ಕಡೆಗೆ ತಿರುಗಿ ಹೇಳಿಬಿಟ್ಟರು: "ನನ್ನ ಪೆಟ್ಟಿಗೆಗೆ ಶ್ರುತಿ ಬದಲಿಸುವ ಬಿರಡೆ ಇಲ್ಲ ಮಾರಾಯ, ನೀನೇ ಇತ್ತ ಬರ್ಬೇಕು."

ಬರೀ ಕಾರ್ಡ್ (ಒಟ್ಟಿಗೆ ನುಡಿಸುವ ಸ್ವರಗುಚ್ಛ) ಸಾಕೆಂದಿದ್ದರೆ ಕೆಲಸ ಸುಲಭ. ಮೊದಲನೇ ಫ್ರೆಟ್‌ಗೆ (ಗಿಟಾರ್ ಕತ್ತಿನ ಅಡ್ಡ ಕಂಬಿಯ ಮನೆ) ಕ್ಯಾಪೊ, ಅಂದರೆ ಎಲ್ಲ ತಂತಿಗಳನ್ನೂ ಒಟ್ಟಿಗೆ ಒತ್ತಿಹಿಡಿಯುವ ಕ್ಲಿಪ್ಪು, ಹಾಕಿ ಬೆರಳಲ್ಲಿ ಜಿ ಕಾರ್ಡಿನ ಆಕಾರ ಹಿಡಿದರೆ ಕಪ್ಪು ನಾಲ್ಕು. ಒಂದು ಫ್ರೆಟ್‌ಗೆ ಅರ್ಧ ಸ್ವರ ಮೇಲೆ, ಹಾಗಾಗಿ ಅದೇ ಆಕಾರ ಎರಡರಲ್ಲಿ ಬಿಳಿ ಆರು, ಮೂರರಲ್ಲಿ ಕಪ್ಪು ಐದು. ಆದರೆ ಆ ಹಾಡಿಗೆ ಬೇಕಿದ್ದದ್ದು ತಂಬೂರಿಯಂತೆ ಹಿಂದೆ ನಿಲ್ಲುವ ನಾದ. ಅದಕ್ಕೆ ಓಪನ್ ಜಿ, ಅಂದರೆ ಏನೂ ಒತ್ತದೆ ಮೀಟಿದರೇ ಜಿ ಕಾರ್ಡ್ ಬರುವಂತೆ ತಂತಿ ಕೂಡಿಸುವುದು.

6ನೇ ತಂತಿಯನ್ನು (ಅತಿ ದಪ್ಪದ್ದು) ಇ ಇಂದ ಡಿಗೆ, 5ನೆಯದನ್ನು ಎ ಇಂದ ಜಿಗೆ, 1ನೆಯದನ್ನು ಇ ಇಂದ ಡಿಗೆ ಇಳಿಸಬೇಕು. ಉಳಿದ ಮೂರು (4 ಡಿ, 3 ಜಿ, 2 ಬಿ) ಇದ್ದಲ್ಲೇ ಇರಲಿ. ಸ್ವರ ಅಳೆದು ತೋರಿಸುವ ಟ್ಯೂನರ್ ಇಲ್ಲದಿದ್ದರೂ ನಡೆಯುತ್ತದೆ: 6 ಮತ್ತು 1ನೇ ತಂತಿಗಳನ್ನು 4ನೆಯದಕ್ಕೆ, 5ನೆಯದನ್ನು 3ನೆಯದಕ್ಕೆ ಕೂಡಿಸಿದರಾಯಿತು. ಜಿಯನ್ನು ಷಡ್ಜ ಮಾಡಿಕೊಂಡರೆ ದಪ್ಪ ತಂತಿಯಿಂದ ಪ ಸ ಪ ಸ ಗ ಪ. ಇಳಿಸುವಾಗ ಬೇಕಾದ ಸ್ವರಕ್ಕಿಂತ ಸ್ವಲ್ಪ ಕೆಳಗೆ ಹೋಗಿ ಮೇಲಕ್ಕೆ ಬರಬೇಕು. ಮೇಲಿನಿಂದ ಬಂದು ನಿಲ್ಲಿಸಿದರೆ ಬಿರಡೆಯ ಹಲ್ಲಿನಲ್ಲಿ ಸಡಿಲ ಉಳಿದು ಎರಡು ಸಲ ಬಾರಿಸುವುದರಲ್ಲಿ ಶ್ರುತಿ ಜಾರುತ್ತದೆ.

ಇಷ್ಟು ಮಾಡಿ ಮೊದಲನೇ ಫ್ರೆಟ್‌ಗೆ ಕ್ಯಾಪೊ ಹಾಕಿದ್ದೇ ತಡ, ಎಲ್ಲ ತಂತಿಯೂ ಬೇಕಾದ್ದಕ್ಕಿಂತ ಏರಿತು, 5 ಮತ್ತು 6 ಎಲ್ಲಕ್ಕಿಂತ ಹೆಚ್ಚು. ಇಳಿಸಿದ್ದರಿಂದ ಅವು ಸಡಿಲವಾಗಿದ್ದವು, ಬಿಗಿ ಕಡಿಮೆ ಇದ್ದಷ್ಟೂ ಅದೇ ಒತ್ತಡಕ್ಕೆ ಸ್ವರ ಹೆಚ್ಚು ಏರುತ್ತದೆ. ಸ್ಪ್ರಿಂಗ್ ಕ್ಯಾಪೊ ಎಲ್ಲ ಕಡೆ ಒಂದೇ ಬಲದಲ್ಲಿ ಕಚ್ಚುತ್ತದೆ. ಸ್ಕ್ರೂ ಇರುವುದೇ ವಾಸಿ, ತಂತಿ ಝುಂಯ್ ಎನ್ನದಷ್ಟಕ್ಕೆ ಬಿಗಿ ಮಾಡಿ ಬಿಡಬಹುದು. ಕೂರಿಸುವ ಜಾಗ ಫ್ರೆಟ್ ಕಂಬಿಗೆ ತಾಗಿದಂತೆ, ತಲೆಯ ಕಡೆಗೆ. ಎರಡು ಕಂಬಿಗಳ ನಡುವೆ ಹಾಕಿದರೆ ಸ್ವರ ಇನ್ನೂ ಏರುತ್ತದೆ, ಕಂಬಿಯ ಮೇಲೇ ಹಾಕಿದರೆ ನಾದ ಸಾಯುತ್ತದೆ.

ಟ್ಯೂನರ್ ಸರಿ ಎಂದು ಹಸಿರು ತೋರಿಸಿದರೂ ಪೆಟ್ಟಿಗೆ ಜೊತೆ ಕೂಡಲಿಲ್ಲ. ಹಾರ್ಮೋನಿಯಂನ ಎ ಒತ್ತಿ ಟ್ಯೂನರ್‌ಗೆ ಕೇಳಿಸಿದರೆ 443 ಹರ್ಟ್ಜ್! ಹಳೇ ಪೆಟ್ಟಿಗೆಗಳಲ್ಲಿ ಇದೇನೂ ಅಪರೂಪವಲ್ಲ. ಟ್ಯೂನರ್‌ನ ಆಧಾರವನ್ನು 440ರಿಂದ 443ಕ್ಕೆ ಬದಲಿಸಿ, ಕ್ಯಾಪೊ ಇದ್ದಂತೆಯೇ ಆರೂ ತಂತಿ ಮತ್ತೆ ನೋಡಬೇಕಾಯಿತು.

ನಿಜವಾದ ಫಜೀತಿ ಎರಡನೇ ಹಾಡಿನದು. ಅದರಲ್ಲಿ ಕೋಮಲ ಗಾಂಧಾರ, ಅಂದರೆ ಅರ್ಧ ಸ್ವರ ಕೆಳಗಿನ ಗ. ಗಿಟಾರ್‌ನ 2ನೇ ತಂತಿ ಮಾತ್ರ ಶುದ್ಧ ಗಾಂಧಾರದಲ್ಲೇ ಕೂಗುತ್ತಿತ್ತು. ಕ್ಯಾಪೊ ತೆಗೆಯದೆ ಅದನ್ನು ಅರ್ಧ ಸ್ವರ ಇಳಿಸಿದೆವು, ಟ್ಯೂನರ್‌ನಲ್ಲಿ ಸಿ ಹೋಗಿ ಬಿ ಬಂತು. ಪಲ್ಲವಿ ಮುಗಿಯುವಷ್ಟರಲ್ಲಿ ಸ್ವರ ಟಕ್ಕನೆ ಇನ್ನಷ್ಟು ಕೆಳಗೆ! ಕ್ಯಾಪೊದ ರಬ್ಬರ್ ತಂತಿಯನ್ನು ಹಿಡಿದುಕೊಂಡಿರುತ್ತದೆ. ಬಿರಡೆ ತಿರುಗಿಸಿದ ಪರಿಣಾಮ ಪೂರ್ತಿ ಈಚೆಗೆ ದಾಟಿರುವುದಿಲ್ಲ, ಬಾರಿಸುವಾಗ ಜಾರಿ ಬರುತ್ತದೆ. ಕ್ಯಾಪೊ ಬಿಚ್ಚಿ, ಇಳಿಸಿ, ತಂತಿಯನ್ನು ನಡುವಿನಲ್ಲಿ ಹಿಡಿದು ಮೆಲ್ಲಗೆ ಎರಡು ಸಲ ಎಳೆದು, ಮತ್ತೆ ಹಾಕಿದರೆ ನಿಲ್ಲುತ್ತದೆ. ನಟ್‌ನ (ಗಿಟಾರ್ ತಲೆಯ ಬಳಿ ತಂತಿ ಹಾಯುವ ಪಟ್ಟಿ) ಸೀಳಿನಲ್ಲೂ ತಂತಿ ಹೀಗೇ ಸಿಕ್ಕಿಕೊಳ್ಳಬಹುದು. ಅಲ್ಲಿಗೆ ಪೆನ್ಸಿಲ್ ಸೀಸ ಉಜ್ಜಿದರೆ ಸಾಕು.

ಮಳೆಗಾಲದಲ್ಲಿ ನಮ್ಮ ಕಡೆ ಇನ್ನೊಂದು ಕಾಟ. ತೇವ ಕುಡಿದ ಮರ ಉಬ್ಬಿ ತಂತಿ ಎತ್ತರವಾಗುತ್ತದೆ, ಒತ್ತಿದಾಗ ಸ್ವರ ಇನ್ನಷ್ಟು ಏರುತ್ತದೆ. ಹಾಗಂತ ಬಚ್ಚಲೊಲೆ ಪಕ್ಕ ಒಣಗಲು ಇಟ್ಟೀರಿ, ತಂತಿ ಕಟ್ಟಿರುವ ಬ್ರಿಡ್ಜ್‌ನ ಅಂಟು ಬಿಡುತ್ತದೆ. ಗಿಟಾರ್ ಇಡುವ ಗಟ್ಟಿ ಪೆಟ್ಟಿಗೆಯೊಳಗೆ ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣ ಹಾಕಿ ಮುಚ್ಚಿಡುವುದೇ ಸರಿ.

ಕಾಫಿ ಬರುವ ಹೊತ್ತಿಗೆ ಹಾಡುಗಳ ಪಟ್ಟಿ ಬದಲಾಯಿತು. ಕೋಮಲ ಗಾಂಧಾರದ್ದನ್ನು ಕೊನೆಗೆ ತಳ್ಳಿದೆವು, ವೇದಿಕೆಯಲ್ಲಿ 2ನೇ ತಂತಿಯನ್ನು ಮತ್ತೆ ಏರಿಸುವ ಗೋಜು ಬೇಡವೆಂದು.