ಯಲಹಂಕದ ಯುದ್ಧಕಾಲ: ಊರ ಹೆಸರಲ್ಲಿ ಹುಡುಕಬೇಡಿ

ಯಲಹಂಕದ ವಾಯುನೆಲೆಯ ಯುದ್ಧಕಾಲದ ಕಥೆ ಹುಡುಕುವವರಿಗೆ ಒಂದು ಮಾತು: ಎರಡನೇ ಮಹಾಯುದ್ಧದ ಬ್ರಿಟಿಷ್ ವಾಯುಪಡೆ ಕಡತಗಳನ್ನು ಘಟಕವಾರು ಕಟ್ಟಿಟ್ಟಿದ್ದಾರೆ. ಕ್ಯಾಟಲಾಗಿನಲ್ಲಿ ‘ಯಲಹಂಕ’ ಎಂದು ಹಾಕಿ, ಏನೂ ಬರಲಿಲ್ಲವೆಂದು ಅಲ್ಲಿಗೇ ಕೈಬಿಡುವವರು ಬಹಳ. ಮೊದಲು ಬೇಕಾದ್ದು ಘಟಕದ ನಂಬರ್. 1944ರಲ್ಲಿ ಥಂಡರ್‌ಬೋಲ್ಟ್ ವಿಮಾನ ಕಲಿಸುವ 1670ನೇ ಕನ್ವರ್ಷನ್ ಯೂನಿಟ್, ಮಾಸ್ಕಿಟೊ ವಿಮಾನ ಕಲಿಸುವ 1672ನೇದು ಯಲಹಂಕದಲ್ಲಿದ್ದವು. ಬೇರೆ ವಿಮಾನ ಹಾರಿಸಿ ಬಂದವರ ಕೈಯನ್ನು ಹೊಸದಕ್ಕೆ ಪಳಗಿಸುವ ಕೆಲಸ. ಹಾಗಾಗಿ ಕಡತದಲ್ಲಿ ಬಾಂಬ್ ದಾಳಿಯ ರೋಚಕತೆ ನಿರೀಕ್ಷಿಸಬೇಡಿ. ಸಿಗುವುದು ಹಾರಾಟದ ಗಂಟೆ, ಹವಾಮಾನ, ಅಪಘಾತ.

ನಂಬರ್ ಸಿಕ್ಕಿತೋ, ಲಂಡನ್ನಿನ ಕ್ಯೂನಲ್ಲಿರುವ ರಾಷ್ಟ್ರೀಯ ಪತ್ರಾಗಾರದ ಸರಣಿ ನೋಡಿ: ಸ್ಕ್ವಾಡ್ರನ್ ಆದರೆ ಏರ್ 27, ನಿಲ್ದಾಣ ಏರ್ 28, ತರಬೇತಿ ಘಟಕ ಏರ್ 29, ಹಲವು ಘಟಕಗಳ ಮೇಲಿನ ಗ್ರೂಪ್ ಏರ್ 25. ಬೆಂಗಳೂರಿನಲ್ಲಿ ಕಚೇರಿಯಿದ್ದ 225ನೇ ಗ್ರೂಪನ್ನು ಮರೆಯಬೇಡಿ. ಈ ಕಡತಗಳೊಳಗೆ ಫಾರ್ಮ್ 540 ಎಂದರೆ ಘಟಕದ ದಿನಚರಿ. 541ರಲ್ಲಿ ವಿಮಾನದ ಸೀರಿಯಲ್ ನಂಬರ್, ಸಿಬ್ಬಂದಿ, ಏರಿದ-ಇಳಿದ ಹೊತ್ತು. 1944ರ ನವೆಂಬರಿನ ಮಾಸ್ಕಿಟೊ ಪುಟಗಳು ಖಾಲಿಯಿದ್ದರೆ ಘಟಕ ಮುಚ್ಚಿತೆಂದು ಬರೆಯಬೇಡಿ. ಮರದ ರೆಕ್ಕೆಗಳಲ್ಲಿ ದೋಷ ಕಂಡು ಈ ಭಾಗದಲ್ಲೆಲ್ಲ ಆಗ ಮಾಸ್ಕಿಟೊ ಹಾರಾಟ ನಿಲ್ಲಿಸಿದ್ದರು.

ಗಡಿಯಾರವೂ ಮೋಸ ಮಾಡುತ್ತದೆ. 1942ರ ಸೆಪ್ಟೆಂಬರಿನಿಂದ 1945ರ ಅಕ್ಟೋಬರ್‌ವರೆಗೆ ಭಾರತದ ಸಮಯ ಒಂದು ಗಂಟೆ ಮುಂದಿತ್ತು. ಫೆಬ್ರವರಿಯ ಸಂಜೆ 7ಕ್ಕೆ ಬೆಳಕಿನಲ್ಲೇ ವಿಮಾನ ಇಳಿಯಿತು ಎಂದಿದ್ದರೆ ಅದು ಸರಿಯೇ, ಈಗಿನ 6 ಗಂಟೆ. ಫೋಟೊದ ನೆರಳು ನೋಡಿ ಹೊತ್ತು ಹೇಳುವವರು ಇಲ್ಲೇ ಎಡವುತ್ತಾರೆ. ಇನ್ನೊಂದು ಪರೀಕ್ಷೆ: ಭಾರತೀಯ ವಾಯುಪಡೆಗೆ ‘ರಾಯಲ್’ ಬಂದದ್ದು 1945ರ ಮಾರ್ಚಿನಲ್ಲಿ. 1943ರದ್ದೆಂದು ತೋರಿಸುವ ಕಾಗದದಲ್ಲಿ ಆ ಪಡೆಯ ಹೆಸರಿಗೆ ಆ ಪದ ಅಂಟಿದ್ದರೆ ಅದು ಆಮೇಲೆ ಬರೆದದ್ದು.

ಬರೀ ‘ಬೆಂಗಳೂರು ಏರೋಡ್ರೋಮ್’ ಎಂದಿದ್ದರೆ ಯಾವುದು? 1940ರ ಡಿಸೆಂಬರಿನಲ್ಲಿ ಹುಟ್ಟಿದ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆಯದೂ ಆಗಿರಬಹುದು. ಅಲ್ಲಿ 1943ರಿಂದ ಅಮೆರಿಕನ್ನರು ವಿಮಾನ ರಿಪೇರಿ ಮಾಡಿಸಿದರು, ಅದರ ಕಾಗದಗಳ ದಾರಿಯೇ ಬೇರೆ. ಸರ್ವೆ ಆಫ್ ಇಂಡಿಯಾ ನಕ್ಷೆಯೂ ಬೇರೆ: ಯಲಹಂಕ 57ಜಿ/12, ಕಾರ್ಖಾನೆ 57ಎಚ್/9. ನಕ್ಷೆಯಲ್ಲಿ ರನ್‌ವೇ ಇಲ್ಲದ ಮಾತ್ರಕ್ಕೆ ನೆಲದ ಮೇಲೂ ಇರಲಿಲ್ಲ ಎನ್ನಬೇಡಿ, ಗುಟ್ಟಿನ ಕಾರಣಕ್ಕೆ ಬಿಟ್ಟಿರುತ್ತಾರೆ.

ಸತ್ತವರನ್ನು ಹೊಸೂರು ರಸ್ತೆಯ ಸ್ಮಶಾನದಲ್ಲಿ ಮಾತ್ರ ಹುಡುಕಿದರೆ ಲೆಕ್ಕ ತಪ್ಪುತ್ತದೆ. ನೋಡಿಕೊಳ್ಳುವುದು ಕಷ್ಟವೆಂದು ದಕ್ಷಿಣದ ಹಲವು ಸ್ಮಶಾನಗಳಿಂದ ಯುದ್ಧಕಾಲದ ಗೋರಿಗಳನ್ನು ಚೆನ್ನೈನ ನಂದಂಬಾಕ್ಕಂಗೆ ಸಾಗಿಸಿದ್ದಾರೆ. ಕಾಮನ್‌ವೆಲ್ತ್ ಯುದ್ಧ ಗೋರಿ ಆಯೋಗದ ಪಟ್ಟಿಯಲ್ಲಿ ತಾರೀಕು ಹಾಕಿ, ಆ ದಿನದ ಫಾರ್ಮ್ 540ರ ಜೊತೆ ತಾಳೆ ನೋಡಿ.

ಜಮೀನಿನ ಕಡತ ಹೆಚ್ಚಿನವರು ಮುಟ್ಟುವುದೇ ಇಲ್ಲ, ನನ್ನ ಮಟ್ಟಿಗೆ ಅಸಲು ಸರಕು ಅಲ್ಲೇ. ವಾಯುಪಡೆ ಬ್ರಿಟಿಷರದು, ನೆಲ ಮೈಸೂರು ಸಂಸ್ಥಾನದ್ದು. ಹಾಗಾಗಿ ರಾಜ್ಯ ಪತ್ರಾಗಾರವನ್ನೂ ದೆಹಲಿಯಲ್ಲಿರುವ ರೆಸಿಡೆನ್ಸಿ (ಸಂಸ್ಥಾನದಲ್ಲಿದ್ದ ಬ್ರಿಟಿಷ್ ಪ್ರತಿನಿಧಿಯ ಕಚೇರಿ) ಕಾಗದಗಳನ್ನೂ ಎರಡೂ ನೋಡಬೇಕು. ಮೈಸೂರು ಗೆಜೆಟ್‌ನ ಭೂಸ್ವಾಧೀನ ಪ್ರಕಟಣೆಯಲ್ಲಿರುವ ಸರ್ವೆ ನಂಬರನ್ನು ಹಳೆಯ ಗ್ರಾಮ ನಕ್ಷೆ, ಆಕಾರ್‌ಬಂದ್ (ಸರ್ವೆ ನಂಬರುವಾರು ವಿಸ್ತೀರ್ಣದ ಪಟ್ಟಿ) ಜೊತೆ ಹೊಂದಿಸಿ; ಪೋಡಿಯಾಗಿ, ಅಂದರೆ ಜಮೀನು ಭಾಗವಾಗಿ, ಹಿಸ್ಸಾ ಒಡೆದ ಈಗಿನ ನಂಬರ್ ಕೂರುವುದಿಲ್ಲ. ವಿಸ್ತೀರ್ಣ 3-20 ಎಂದಿದ್ದರೆ 3 ಎಕರೆ 20 ಗುಂಟೆ, ಅಂದರೆ ಮೂರೂವರೆ ಎಕರೆ. ಎಕ್ಸೆಲ್‌ನಲ್ಲಿ 3.20 ಎಂದು ಹೊಡೆದು ಕೂಡಿಸಿದರೆ ಇಂಥ ನೂರು ಸಾಲಿಗೆ 30 ಎಕರೆ ಮಾಯ.