ಒಂದೇ ಮೇಜಿನ ಮೇಲೆ ಡಿಮ್ ಸಮ್, ಸುಶಿ

ಮನೆಯವರೇ ಸೇರಿ ನಡೆಸುವ ಚೈನೀಸ್ ಹೋಟೆಲಿನಲ್ಲಿ ಇವತ್ತು ಹೊಟ್ಟೆ ತುಂಬಾ ಊಟ. ಅಮ್ಮ ಹಬೆ ಬುಟ್ಟಿ ನೋಡಿಕೊಳ್ಳುತ್ತಾರೆ, ಮಗ ಸುಶಿ ಸುತ್ತುತ್ತಾನೆ, ಅಪ್ಪ ಬಿಲ್ ಕೌಂಟರಿನಲ್ಲಿ. ಬಿದಿರಿನ ಬುಟ್ಟಿಯ ಮುಚ್ಚಳ ತೆಗೆದರೆ ಹಾರ್ ಗೌ, ಅಂದರೆ ಸಿಗಡಿ ತುಂಬಿದ ಪುಟ್ಟ ಕಡುಬಿನಂಥ ಡಿಮ್ ಸಮ್! ಗೋಧಿ ಪಿಷ್ಟದ ಹಾಳೆ ಎಷ್ಟು ತೆಳು ಅಂದರೆ, ಒಳಗಿನ ಸಿಗಡಿಯ ಗುಲಾಬಿ ಬಣ್ಣ ಹೊರಗೇ ಕಾಣುತ್ತದೆ. ಅಂಚಿನ ಒಂದೊಂದು ನಿರಿಗೆಯೂ ಕೈಯಲ್ಲೇ ಮಡಿಸಿದ್ದು. ಸುಶಿಯ ಅನ್ನಕ್ಕೂ ವಿನೆಗರ್ ಹದವಾಗಿ ಬಿದ್ದಿತ್ತು.

ಡಿಮ್ ಸಮ್ ಚೀನಾದ ಗ್ವಾಂಗ್‌ಡಾಂಗ್ ಕಡೆಯದು, ಸುಶಿ ಜಪಾನಿನದು. ಎರಡೂ ಒಂದೇ ಅಡುಗೆಮನೆಯಲ್ಲಿ ತಯಾರಾದರೆ ಅಸಲಿ ಅಲ್ಲ ಅನ್ನುವವರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ಬಂದವರಿಗೆ ಇಷ್ಟ ಅಂತ ಬೇರೆ ದೇಶದ ಅಡುಗೆಯನ್ನೂ ಇಷ್ಟು ಶ್ರದ್ಧೆಯಿಂದ ಕಲಿತಿದ್ದಾರಲ್ಲ, ಅದು ದೊಡ್ಡದು ಅಲ್ವಾ?

ಇಂಥ ಕಡೆ ಹೋದರೆ ಹಾರ್ ಗೌ ಮೊದಲು ತಿನ್ನಿ. ಆರಿದರೆ ಹಾಳೆ ಗಟ್ಟಿಯಾಗುತ್ತದೆ.