ಡಿಎಂ ಬೇಡ, ಚಾನೆಲ್‌ನಲ್ಲೇ ಕೇಳಿ

"ಸರ್, ನಾನು ಕಾಂಟ್ರಿಬ್ಯೂಟ್ ಮಾಡ್ಬೇಕು, ಎಲ್ಲಿಂದ ಶುರು ಮಾಡ್ಲಿ?" ಓಪನ್ ಸೋರ್ಸ್‌ನಲ್ಲಿ, ಅಂದರೆ ಕೋಡ್ ಎಲ್ಲರಿಗೂ ತೆರೆದಿರುವ ಸಾಫ್ಟ್‌ವೇರ್ ಪ್ರಾಜೆಕ್ಟ್‌ನಲ್ಲಿ, ಹೊಸಬರಿಗೆ ದಾರಿ ತೋರಿಸುವ ಮೆಂಟರ್ ನಾನು. ಫೆಬ್ರವರಿ ಬಂತು ಅಂದ್ರೆ ಸಾಕು, ಡಿಎಂನಲ್ಲಿ (ನನಗೊಬ್ಬನಿಗೇ ಬರುವ ಖಾಸಗಿ ಮೆಸೇಜ್) ಈ ಪ್ರಶ್ನೆ ಶುರು. ಹೊಸಬರನ್ನು ಓಪನ್ ಸೋರ್ಸ್ ಕೆಲಸಕ್ಕೆ ಹಚ್ಚುವ ಗೂಗಲ್ ಸಮ್ಮರ್ ಆಫ್ ಕೋಡ್‌ಗೆ ಆಯ್ಕೆಯಾದ ಸಂಸ್ಥೆಗಳ ಪಟ್ಟಿ ಹೊರಬರುವುದು ಸಾಮಾನ್ಯವಾಗಿ ಅದೇ ಹೊತ್ತಿಗೆ. 2005ರಲ್ಲಿ ವಿದ್ಯಾರ್ಥಿಗಳಿಗೆಂದೇ ಶುರುವಾದ ಕಾರ್ಯಕ್ರಮ ಅದು. 2022ರಿಂದ ವಿದ್ಯಾರ್ಥಿಗಳಲ್ಲದ ಹೊಸಬರಿಗೂ ಬಾಗಿಲು ತೆರೆದಿದೆ. ಆದರೂ ನನಗೆ ಬರುವ ಮೆಸೇಜ್‌ಗಳಲ್ಲಿ ಕಾಲೇಜು ಹುಡುಗ ಹುಡುಗಿಯರದ್ದೇ ಜಾಸ್ತಿ.

ಎಲ್ಲರಿಗೂ ನನ್ನ ಮೊದಲ ಉತ್ತರ ಒಂದೇ: ಇದನ್ನ ಚಾನೆಲ್‌ನಲ್ಲಿ, ಅಂದರೆ ಪ್ರಾಜೆಕ್ಟ್‌ನವರೆಲ್ಲ ಇರುವ ಚಾಟ್ ಗುಂಪಿನಲ್ಲಿ ಕೇಳಿ. ಕೆಲವರಿಗೆ ಬೇಜಾರಾಗುತ್ತದೆ, ಇವನಿಗೆ ಎಷ್ಟು ಜಂಬ ಅಂದುಕೊಳ್ಳುತ್ತಾರೇನೋ. ಆದರೆ ನನಗೊಬ್ಬನಿಗೇ ಬರೆದರೆ ನಾನು ಆನ್‌ಲೈನ್ ಇದ್ದಾಗ ಮಾತ್ರ ಉತ್ತರ ಸಿಗುತ್ತದೆ, ನನಗೆ ಗೊತ್ತಿಲ್ಲದ್ದನ್ನು ಕೇಳಿದರೆ ಅದೂ ಇಲ್ಲ. ಚಾನೆಲ್‌ನಲ್ಲಿ ಹಾಕಿದರೆ ನಾಲ್ಕು ಜನ ನೋಡುತ್ತಾರೆ. ನಾಳೆ ಬರುವವರು ಹುಡುಕಿದಾಗ ಅದೇ ಉತ್ತರ ಕಣ್ಣಿಗೆ ಬೀಳುತ್ತದೆ. ಅದಕ್ಕಿಂತ ಮುಖ್ಯ, ಪ್ರಾಜೆಕ್ಟ್ ನೋಡಿಕೊಳ್ಳುವ ಮೇಂಟೇನರ್‌ಗಳಿಗೆ ಕೇಳಿದವರ ಹೆಸರು ಪರಿಚಯವಾಗುತ್ತದೆ.

ಕೇಳಲು ಹಿಂಜರಿಯುವುದು ಯಾಕೆ ಅಂತ ನನಗೂ ಗೊತ್ತು. ದಡ್ಡ ಪ್ರಶ್ನೆ ಅಂತ ನಕ್ಕರೆ? ಈ ಭಯಕ್ಕೆ "ಹೆದರಬೇಡಿ" ಅನ್ನುವುದು ಮದ್ದಲ್ಲ. ನಾವು ಮೆಂಟರ್‌ಗಳೇ ನಮ್ಮ ಅನುಮಾನಗಳನ್ನೂ ಎಲ್ಲರೆದುರು ಕೇಳಬೇಕು. "ಈ ಟೆಸ್ಟ್ ನನ್ನ ಮಷಿನ್‌ನಲ್ಲೂ ಫೇಲ್ ಆಗ್ತಿದೆ, ಯಾರಿಗಾದ್ರೂ ಕಾರಣ ಗೊತ್ತಾ?" ಅಂತ ಹಳಬರೊಬ್ಬರು ಬರೆದರೆ ಸಾಕು, ಹೊಸಬರ ಅರ್ಧ ಭಯ ಇಳಿಯುತ್ತದೆ.

ಇನ್ನು ಮೊದಲ ಪುಲ್ ರಿಕ್ವೆಸ್ಟ್, ಅಂದರೆ ನಾನು ಮಾಡಿದ ಬದಲಾವಣೆ ಸೇರಿಸಿಕೊಳ್ಳಿ ಅಂತ ಪ್ರಾಜೆಕ್ಟ್‌ಗೆ ಕಳಿಸುವ ಕೋರಿಕೆ. ಪದೇಪದೇ ನೋಡುವ ಸಂಗತಿ ಹೇಳುತ್ತೇನೆ. ವಿದ್ಯಾರ್ಥಿ ಸರಿ ಮಾಡಿದ್ದು ಒಂದೇ ಸಾಲು, ಡಿಫ್ (ಹಳೆಯ ಸಾಲು ಕೆಂಪು, ಹೊಸದು ಹಸಿರು ಅಂತ ಬದಲಾವಣೆ ತೋರಿಸುವ ನೋಟ) ತೆರೆದರೆ ಇಡೀ ಫೈಲೇ ಕೆಂಪು-ಹಸಿರು. ಸೇವ್ ಮಾಡಿದ ತಕ್ಷಣ ಎಡಿಟರ್ ಫೈಲನ್ನೆಲ್ಲ ಫಾರ್ಮ್ಯಾಟ್ ಮಾಡಿರುತ್ತದೆ, ಇಲ್ಲವೇ ವಿಂಡೋಸ್‌ನ ಲೈನ್ ಎಂಡಿಂಗ್ (ಸಾಲಿನ ಕೊನೆಯ ಕಾಣದ ಗುರುತು) ಎಲ್ಲ ಸಾಲಿಗೂ ಅಂಟಿಕೊಂಡಿರುತ್ತದೆ. ಪಾಪ, ಅವರಿಗೆ ಅದು ಕಂಡೇ ಇರುವುದಿಲ್ಲ. ನಾನೇ ಕೂತು ಸರಿ ಮಾಡಿದರೆ ಎರಡು ನಿಮಿಷದ ಕೆಲಸ, ಕೈಯೂ ತುರಿಸುತ್ತದೆ! ಆದರೆ ಮಾಡಬಾರದು. "ಲಾಜಿಕ್ ಸರಿಯಾಗಿದೆ. ಡಿಫ್ ಒಮ್ಮೆ ನೋಡಿ, ನೀವು ಮುಟ್ಟದ ಸಾಲುಗಳೂ ಬದಲಾಗಿವೆ. ಲೈನ್ ಎಂಡಿಂಗ್ ಬದಲಾಗಿದ್ದರೆ ಮೊದಲು ಹಿಂದಿನಂತೆ ಮಾಡಿ. ಆಮೇಲೆ ಕೋಡ್‌ನ ಬದಲಾವಣೆಗಳ ಲೆಕ್ಕ ಇಡುವ ಗಿಟ್‌ನಲ್ಲಿ, ಗಿಟ್ ಆಡ್ ಜೊತೆ ಮೈನಸ್ ಪಿ ಕೊಟ್ಟರೆ ಬೇಕಾದ ತುಂಡನ್ನಷ್ಟೇ ಆರಿಸಬಹುದು" ಅಂತ ಬರೆದು ಬಿಡಬೇಕು. ಮೊದಲ ಸಲ ಅದನ್ನು ಮಾಡಿ ನೋಡಿದವರು ಕಮಿಟ್ ಮಾಡುವ (ಬದಲಾವಣೆಯನ್ನು ಗಿಟ್‌ನಲ್ಲಿ ದಾಖಲಿಸುವ) ಮುಂಚೆ ತಮ್ಮ ಡಿಫ್ ತಾವೇ ಓದುವ ಅಭ್ಯಾಸ ಕಲಿಯುತ್ತಾರೆ.

ಒಂದೇ ಸಲಕ್ಕೆ ಹದಿನೈದು ಕಾಮೆಂಟ್ ಹಾಕುವುದು ಮಾತ್ರ ಬೇಡ. ವೇರಿಯಬಲ್ ಹೆಸರು, ಸ್ಪೇಸ್, ಕಾಮಾ ಇವೆಲ್ಲ ಕೋಡ್ ತಾನೇ ಪರೀಕ್ಷಿಸುವ ಲಿಂಟರ್ ಅನ್ನೋ ಟೂಲ್ ಹೇಳಲಿ, ಅದು ಬೈದರೆ ಯಾರೂ ಮನಸ್ಸಿಗೆ ಹಚ್ಚಿಕೊಳ್ಳುವುದಿಲ್ಲ. ಮತ್ತೆ, ರಿವ್ಯೂಗೆ ಟೈಮ್ ಇಲ್ಲದಿದ್ದರೆ "ನೋಡಿದೆ, ಭಾನುವಾರ ಓದ್ತೀನಿ" ಅಂತಾದರೂ ಬರೆಯಿರಿ. ಪ್ಯಾಚ್ (ಕೋಡ್ ಬದಲಾವಣೆ) ಹಾಕಿ ಮೂರು ವಾರ ನಮ್ಮ ಸದ್ದೇ ಕೇಳದವರು ವಾಪಸ್ ಬರುವುದಿಲ್ಲ, ಬರಬೇಕು ಅನ್ನುವುದೂ ತಪ್ಪು.

ಪ್ರಾಜೆಕ್ಟ್‌ನಲ್ಲಿ ಬಾಕಿ ಇರುವ ಕೆಲಸ ಅಥವಾ ದೋಷದ ಟಿಪ್ಪಣಿಗೆ ಇಶ್ಯೂ ಅನ್ನುತ್ತಾರೆ. ಹೊಸಬರು ಶುರು ಮಾಡಲಿ ಅಂತ ಅದಕ್ಕೆ ಹಚ್ಚುವ "ಗುಡ್ ಫಸ್ಟ್ ಇಶ್ಯೂ" ಲೇಬಲ್ ಬಗ್ಗೆಯೂ ಒಂದು ತಕರಾರು. ಹಳಬರಿಗೆ ಸುಲಭ ಅನ್ನಿಸಿದ್ದಕ್ಕೆಲ್ಲ ಅದನ್ನು ಅಂಟಿಸುತ್ತಾರೆ. ಯಾವ ಫೈಲ್, ಏನು ಬದಲಾಗಬೇಕು, ಟೆಸ್ಟ್ ಓಡಿಸೋದು ಹೇಗೆ ಅಂತ ಬರೆಯದಿದ್ದರೆ ಆ ಲೇಬಲ್ ಸುಮ್ನೆ.

ವಿದ್ಯಾರ್ಥಿಗಳು ಬರೋದೇ ರೆಸ್ಯೂಮೆಗೋಸ್ಕರ ಅಂತ ಮೂಗು ಮುರಿಯುವವರಿದ್ದಾರೆ. ಅಕ್ಟೋಬರ್‌ನಲ್ಲಿ ಇಷ್ಟು ಪುಲ್ ರಿಕ್ವೆಸ್ಟ್ ಕಳಿಸಿದರೆ ಟೀಶರ್ಟ್ ಅನ್ನುತ್ತಿದ್ದ ಹ್ಯಾಕ್ಟೋಬರ್‌ಫೆಸ್ಟ್ ಕಾರ್ಯಕ್ರಮದಲ್ಲಿ, 2020ರಲ್ಲಿ ಆ ಟೀಶರ್ಟ್ ಆಸೆಗೆ ಕೆಲಸಕ್ಕೆ ಬಾರದ ಪುಲ್ ರಿಕ್ವೆಸ್ಟ್‌ಗಳು ಎಷ್ಟು ಬಂದವೆಂದರೆ, ಭಾಗವಹಿಸಲು ಒಪ್ಪಿಕೊಂಡ ರೆಪೊಗಳಲ್ಲಿ (ಪ್ರಾಜೆಕ್ಟ್‌ನ ಕೋಡ್ ಇರುವ ಜಾಗ) ಮಾಡಿದ್ದು ಮಾತ್ರ ಲೆಕ್ಕಕ್ಕೆ ಅಂತ ನಡುವೆಯೇ ನಿಯಮ ಬದಲಿಸಬೇಕಾಯಿತು. ನನ್ನ ಪ್ರಕಾರ ಅಲ್ಲಿ ಎಡವಿದ್ದು ಎಣಿಕೆಗೆ ಬಹುಮಾನ ಇಟ್ಟ ಕ್ರಮ. ರೆಸ್ಯೂಮೆಗೆ ಅಂತ ಬಂದವರು ಕೆಲಸ ಹಿಡಿಸಿ ಉಳಿದುಕೊಂಡಿದ್ದೂ ಇದೆ, ಅದರಲ್ಲೇನು ತಪ್ಪು?

ಪರೀಕ್ಷೆ ಬಂದಾಗ ಮಾಯವಾಗುವವರಿಗೆ ಮಾತ್ರ ಒಂದು ಮಾತು ಹೇಳಿಡುತ್ತೇನೆ. ನಿಮ್ಮ ಹೆಸರಲ್ಲಿ ಇಶ್ಯೂ ಇದ್ದರೆ "ಈಗ ಆಗ್ತಿಲ್ಲ, ಬೇರೆಯವರು ತಗೊಳ್ಳಿ" ಅಂತ ಅಲ್ಲೇ ಒಂದು ಸಾಲು ಹಾಕಿ ಹೋಗಿ. ಯಾರೂ ಬೈಯುವುದಿಲ್ಲ, ಪರೀಕ್ಷೆ ಮುಗಿದ ಮೇಲೆ ಬೇರೆ ಇಶ್ಯೂ ಇದ್ದೇ ಇರುತ್ತದೆ.